ಸೊರಗಿದ್ದವು, ಅದಕ್ಕೇ ಹಾಕಿದೆ

ನಿಮ್ಮ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಕ್ಯಾನ್ಸರ್ ಸಾಕುತ್ತೇನೆ ಎನ್ನುತ್ತೇನೆ. ಕೇಳಿದವರು ತುಸು ದೂರ ಸರಿದು ಕೂರುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗಬೇಕೆಂದಾಗ ಈ ಉತ್ತರ ಬಹಳ ಉಪಯೋಗಕ್ಕೆ ಬರುತ್ತದೆ.

ಸುಳ್ಳೇನಲ್ಲ. ಸಂಶೋಧನಾಲಯದ ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ, ಮನುಷ್ಯರ ಮೈಯಷ್ಟೇ ಬೆಚ್ಚಗಿರುವ ಒಂದು ಪೆಟ್ಟಿಗೆಯಿದೆ. ಅದರೊಳಗೆ ಚಪ್ಪಟೆ ಫ್ಲಾಸ್ಕುಗಳು. ಎಷ್ಟೋ ವರ್ಷಗಳ ಹಿಂದೆ ಯಾವುದೋ ಊರಿನ ಯಾವಳೋ ಪುಣ್ಯಾತ್ಗಿತ್ತಿಯ ಎದೆಯ ಗಡ್ಡೆಯಿಂದ ತೆಗೆದ ಕೋಶಗಳು ಆ ಫ್ಲಾಸ್ಕುಗಳಲ್ಲಿ ಇಂದಿಗೂ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಇವೆ. ಎರಡು ದಿನಕ್ಕೊಮ್ಮೆ ಅವಕ್ಕೆ ಗುಲಾಬಿ ಬಣ್ಣದ ಪೋಷಕ ದ್ರವ ಬದಲಾಯಿಸಬೇಕು. ಅದಕ್ಕೆ ನಾವು ಮೀಡಿಯಾ ಎನ್ನುತ್ತೇವೆ. ಜಾಗ ಸಾಲದಾದಾಗ ಬೇರೆ ಫ್ಲಾಸ್ಕಿಗೆ ಹಂಚಬೇಕು. ಬೂಷ್ಟು ಬಾರದಂತೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯ ಫ್ಲಾಸ್ಕಿಗೆ ಒಂದು ಸಲವೂ ಬೂಷ್ಟು ಬಂದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ಲ್ಯಾಬಿನವರೆಲ್ಲ ನನ್ನನ್ನು ಚಿಕ್ಕಮ್ಮ ಎನ್ನುತ್ತಾರೆ. ಮನೆಯಲ್ಲಿ ನಾನು ಬರೀ ಸೊಸೆ. ನಮ್ಮತ್ತೆಗೆ ಎಂಬತ್ತೊಂದು ವರ್ಷ, ನಾಲಿಗೆಗೆ ಮಾತ್ರ ಇಪ್ಪತ್ತು. "ಮನೆ ಮಂದಿಗೆ ಹೊತ್ತಿಗೆ ಸರಿಯಾಗಿ ಬಡಿಸೋದಕ್ಕೆ ಪುರಸೊತ್ತಿಲ್ಲ, ಆ ಹಾಳು ಗಡ್ಡೆಗೆ ಮಾತ್ರ ರಾಜೋಪಚಾರ" ಎಂದು ದಿನಕ್ಕೊಮ್ಮೆಯಾದರೂ ಅನ್ನದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅನ್ನಲಿ. ಎಂಟು ವರ್ಷದ ಹಿಂದೆ ಅಂಥದೇ ಗಡ್ಡೆಯೊಂದನ್ನು ಮೈಯಿಂದ ಓಡಿಸಿ ಬಂದ ಹೆಂಗಸು. ಅವರಿಗೆ ಆ ಮಾತಿನ ಹಕ್ಕಿದೆ.

ಸಾಕುವವಳು ನಾನಾದರೆ ಕೊಲ್ಲುವವಳು ಮಿಣುಕು. ಅವಳು ನಮ್ಮ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುವ ಹುಡುಗಿ. ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕೋಶಗಳು ಹಸಿರಾಗಿ ಮಿನುಗುವುದನ್ನು ಎಣಿಸುವುದೇ ಅವಳ ಕೆಲಸವಾದ್ದರಿಂದ ನಾನೇ ಆ ಹೆಸರಿಟ್ಟೆ. ಅವಳ ಹತ್ತಿರ ಒಂದು ಮರದ ತೊಗಟೆಯಿಂದ ತೆಗೆದ ಕಂದು ಪುಡಿಯಿತ್ತು. ಅದನ್ನು ಚಿಟಿಕೆಗಿಂತ ಎಷ್ಟೋ ಕಡಿಮೆ ಹಾಕಿದರೂ ನಾನು ಸಾಕಿದ ಕೋಶಗಳು ಒಂದೇ ದಿನದಲ್ಲಿ ಸಾಯುತ್ತಿದ್ದವು. ಬೇರೆ ಫ್ಲಾಸ್ಕಿನಲ್ಲಿ ಬೆಳೆಸಿದ ಒಳ್ಳೆಯ, ರೋಗವಿಲ್ಲದ ಕೋಶಗಳಿಗೆ ಅದೇ ಪುಡಿ ಹಾಕಿದರೆ ಕೂದಲೂ ಕೊಂಕುತ್ತಿರಲಿಲ್ಲ. ಕೆಟ್ಟದ್ದನ್ನು ಕೊಂದು ಒಳ್ಳೆಯದನ್ನು ಬಿಡುವ ಪುಡಿ! ನಮ್ಮ ಲ್ಯಾಬಿನ ಮುಖ್ಯಸ್ಥರು, ಅಂದರೆ ದೊಡ್ಡವರು, ಆ ಪುಡಿಯ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು.

ಅದು ಹೇಗೆ ಕೊಲ್ಲುತ್ತದೆಂದು ಮಿಣುಕು ಒಮ್ಮೆ ನನಗೆ ಬಿಡಿಸಿ ಹೇಳಿದ್ದಳು.

"ಉಸಿರಾಡೋ ಕೋಶದಲ್ಲೆಲ್ಲ ಒಂದು ಒಲೆ ಇರುತ್ತೆ ಚಿಕ್ಕಮ್ಮ. ಒಲೆ ಅಂದಮೇಲೆ ಹೊಗೆ ಇದ್ದದ್ದೇ. ಹೊಗೆ ಜಾಸ್ತಿಯಾದ್ರೆ ಅದಕ್ಕೆ ಉತ್ಕರ್ಷಣ ಒತ್ತಡ ಅಂತ ಹೆಸರು. ಕ್ಯಾನ್ಸರ್ ಕೋಶದ ಒಲೆ ಹಗಲೂ ರಾತ್ರಿ ಉರಿಯುತ್ತೆ, ಮೊದಲೇ ಮನೆ ತುಂಬ ಹೊಗೆ. ನನ್ನ ಪುಡಿ ಇನ್ನೊಂದಿಷ್ಟು ಸೇರಿಸುತ್ತೆ ಅಷ್ಟೆ. ಅವಕ್ಕೆ ತಡಿಯೋಕಾಗಲ್ಲ, ಹೋಗ್ತವೆ. ಒಳ್ಳೆ ಕೋಶದ ಮನೇಲಿ ಕಿಟಕಿ ತೆಗೆದಿರುತ್ತೆ, ತಡ್ಕೊಳ್ಳುತ್ತೆ."

"ಅಷ್ಟೇನಾ? ಇದನ್ನ ಹೇಳೋಕೆ ಇನ್ನೂರು ಪುಟ ಯಾಕೆ ಬರಿತೀಯ?"

"ಅಷ್ಟು ಬರೀದಿದ್ರೆ ಡಾಕ್ಟರೇಟ್ ಕೊಡಲ್ಲ ಚಿಕ್ಕಮ್ಮ."

ಅವು ಹೋಗುವ ಬಗೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನೋಡಿದಷ್ಟು ಸಲವೂ ಸೋಜಿಗ. ಕೋಶ ಒಡೆದೂ ಸಾಯಬಹುದು. ಆಗ ಒಳಗಿನದೆಲ್ಲ ಹೊರಗೆ ಚೆಲ್ಲಿ ನೆರೆಹೊರೆಗೂ ಉರಿ. ಆದರೆ ಪ್ರತಿಯೊಂದು ಕೋಶದೊಳಗೂ ಮೊದಲಿಂದಲೇ ಬರೆದಿಟ್ಟ ಇನ್ನೊಂದು ಸಾವಿದೆ. ಪುಸ್ತಕದವರು ಯೋಜಿತ ಕೋಶಮರಣ ಎನ್ನುತ್ತಾರೆ. ಅದರಲ್ಲಿ ಕೋಶ ಮೈ ಕುಗ್ಗಿಸಿಕೊಂಡು, ತನ್ನ ಒಳಗಿನದನ್ನು ತಾನೇ ಚಿಕ್ಕ ಚಿಕ್ಕ ಗಂಟು ಕಟ್ಟಿ ಇಡುತ್ತದೆ. ಒಳ್ಳೆಯ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಸಾಮಾನು ಕಟ್ಟಿ, ನೆಲ ಗುಡಿಸಿ, ಬೀಗದ ಕೈ ಒಪ್ಪಿಸಿ ಹೋಗುವಂತೆ. ನಮ್ಮ ನಿಮ್ಮ ಮೈಯಲ್ಲಿ ದಿನವೂ ಎಷ್ಟೋ ಕೋಟಿ ಕೋಶಗಳು ಹೀಗೆ ಮರ್ಯಾದೆಯಿಂದ ಹೋಗುತ್ತವೆ. ಹೋಗದೆ ಠಿಕಾಣಿ ಹೂಡಿದ್ದೇ ಕ್ಯಾನ್ಸರ್.

ಮಿಣುಕಿನ ಮೂರು ವರ್ಷದ ಕೆಲಸ ಮುಗಿಯುತ್ತ ಬಂದಿತ್ತು. ಇನ್ನು ಒಂದೂವರೆ ತಿಂಗಳಿಗೆ ಕೊನೆಯ ಸೆಮಿನಾರ್. ಹೊರಗಿನಿಂದ ಒಬ್ಬ ಪರೀಕ್ಷಕರು ಬರುವವರಿದ್ದರು. ಅವರ ಮುಂದೆ ಗೆದ್ದರೆ ಡಾಕ್ಟರೇಟ್, ಸೋತರೆ ಇನ್ನೂ ಎರಡು ವರ್ಷ ಮಣ್ಣು ಹೊರಬೇಕು. "ಹೊಸದಾಗಿ ಬೆಳೆಸಿದ ಕೋಶಗಳಲ್ಲಿ ಕೊನೇ ಸಲ ಒಮ್ಮೆ ಮಾಡಿಬಿಡಮ್ಮ, ಯಾರೂ ಬೆರಳು ತೋರಿಸಬಾರದು" ಎಂದರು ದೊಡ್ಡವರು. ನಾನು ಫ್ರೀಜರಿನಿಂದ ಹೊಸ ಕೋಶ ತೆಗೆದು ನಾಲ್ಕು ವಾರ ಬೆಳೆಸಿ ಕೊಟ್ಟೆ. ಅವಳು ತೊಂಬತ್ತಾರು ಗುಳಿಗಳ ಪ್ಲೇಟಿಗೆ ಕೋಶ ಹಂಚಿ, ಪುಡಿ ಹಾಕಿ, ಒಂದು ದಿನ ಬಿಟ್ಟು ಬಣ್ಣದ ಪರೀಕ್ಷೆ ಮಾಡಿದಳು. ಆ ಪರೀಕ್ಷೆಯಲ್ಲಿ ಬದುಕಿದ ಕೋಶ ನೇರಳೆಯಾಗುತ್ತದೆ, ಸತ್ತರೆ ಬಣ್ಣವೇ ಇಲ್ಲ.

ತೊಂಬತ್ತಾರು ಗುಳಿಗಳೂ ನೇರಳೆ. ಒಂದೂ ಸತ್ತಿರಲಿಲ್ಲ.

"ಪುಡಿ ಹಾಕೋದೇ ಮರೆತೆಯೇನೇ?" ಎಂದೆ.

"ಹಾಕಿದೀನಿ ಚಿಕ್ಕಮ್ಮ! ಈ ಕೈಯಿಂದಲೇ ಹಾಕಿದೀನಿ!"

ಎರಡನೇ ಸಲ ಮಾಡಿದಳು. ನೇರಳೆ. ಹೊಸ ಪುಡಿ ತರಿಸಿ, ತಕ್ಕಡಿಯನ್ನು ಎರಡೆರಡು ಸಲ ಸರಿನೋಡಿ ಮೂರನೇ ಸಲ ಮಾಡಿದಳು. ಮೊದಲೆರಡು ಸಲಕ್ಕಿಂತ ಗಾಢ ನೇರಳೆ. ಅಷ್ಟರಲ್ಲಿ ಒಂದು ವಾರ ಕಳೆದಿತ್ತು. ಅವಳ ಮುಖ ನೋಡಲಾಗುತ್ತಿರಲಿಲ್ಲ. ನಾನು ಸುಮ್ಮನಿರುವವಳೇ? ಪುಡಿ ಕಳಿಸಿದವನನ್ನು ಬೈದೆ, ಹೋಗಿ ಹೋಗಿ ಬರುವ ಕರೆಂಟನ್ನು ಬೈದೆ, ಪ್ಲೇಟ್ ಓದುವ ಯಂತ್ರಕ್ಕೆ ಎರಡು ಏಟು ಕೊಟ್ಟೆ. "ನನ್ನ ಕೋಶದಲ್ಲಂತೂ ಏನೂ ದೋಷ ಇಲ್ಲ, ನೋಡು ಹೇಗೆ ಮೈ ತುಂಬಿಕೊಂಡಿವೆ" ಎಂದು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ನಿಜವಾಗಿಯೂ ಹಾಗೇ ಇದ್ದವು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆನ್ನಾಗಿ ಬೆಳೆದ ಕೋಶಗಳನ್ನು ನಾನು ನೋಡಿರಲಿಲ್ಲ.

ಮೂರನೇ ಪ್ಲೇಟು ಕೆಟ್ಟ ದಿನ ಸಂಜೆ ಮನೆಗೆ ಹೋದಾಗ ಅತ್ತೆ ಕಿಟಕಿಯ ಪಕ್ಕ ತಮ್ಮ ಕುರ್ಚಿಯಲ್ಲಿ ಕೂತು, ಕುಂಡದ ಬಳ್ಳಿಯ ಒಣ ಎಲೆ ಕೀಳುತ್ತಿದ್ದರು. ಆ ಬಳ್ಳಿ ಕಿಟಕಿ ತುಂಬಿ, ಪರದೆಯ ಕಂಬಿ ಸುತ್ತಿ, ಈಗ ಗಡಿಯಾರವನ್ನೂ ಹಿಡಿದುಕೊಂಡಿದೆ. ಅವರು ಚಿಕಿತ್ಸೆಯಲ್ಲಿದ್ದ ವರ್ಷ ಅದು ಹುಚ್ಚು ಹಿಡಿದಂತೆ ಬೆಳೆಯಿತು. ಕುಂಡದ ಸುತ್ತ ಇರುವೆಗಳೂ ಆ ವರ್ಷವೇ ಬಂದದ್ದು. ಅವುಗಳ ಕಾಟ ತಡೆಯಲಾರದೆ ಕಿಟಕಿಗೆಲ್ಲ ಇರುವೆ ಪುಡಿ ಹಾಕಿದ್ದು ನನಗೆ ನೆನಪಿದೆ.

"ಯಾಕೆ, ಮುಖ ಒಣಗಿದೆ? ನಿನ್ನ ಗಡ್ಡೆಗೆ ಹುಷಾರಿಲ್ವಾ?" ಎಂದರು ಅತ್ತೆ.

"ಅದೇ ಕಷ್ಟ. ಹುಷಾರಾಗಿದೆ. ಸಾಯ್ತಾ ಇಲ್ಲ."

"ಹೊಟ್ಟೆ ತುಂಬ ಉಣ್ಣಿಸ್ತೀಯ, ಆಮೇಲೆ ಸಾಯಿ ಅಂದ್ರೆ ಯಾರು ಸಾಯ್ತಾರೆ? ನನ್ನ ಡಾಕ್ಟರು ಏನಂದಿದ್ರು ಮರೆತೆಯಾ? ಔಷಧಿ ನಡೆಯೋ ಹೊತ್ತಲ್ಲಿ ಶಕ್ತಿ ಬರೋ ಟಾನಿಕ್ಕೂ ಬೇಡ, ಮಾತ್ರೇನೂ ಬೇಡ ಅಂದ್ರು. ಅದು ನಿಮ್ಮನ್ನ ಕಾಯೋದಲ್ಲದೆ ರೋಗಾನೂ ಕಾಯಬಹುದು ಅಂದ್ರು."

ನಾನು ಕೈಚೀಲ ಕೆಳಗಿಡುವುದನ್ನೂ ಮರೆತು ನಿಂತೆ. ಎರಡು ಕಾರಣಕ್ಕೆ.

ಮೊದಲನೆಯದು ಹಳೆಯದು. ಡಾಕ್ಟರು ಬೇಡವೆಂದ ಟಾನಿಕ್ಕನ್ನು ನಾನು ನಿಲ್ಲಿಸಿರಲಿಲ್ಲ. ಅತ್ತೆ ಆಗ ಎಲುಬಿನ ಗೂಡಾಗಿದ್ದರು. ಕಣ್ಣಾರೆ ನೋಡುತ್ತ ಸುಮ್ಮನಿರಲು ನನ್ನಿಂದಾಗಲಿಲ್ಲ. ಚಿಕಿತ್ಸೆ ಮುಗಿಯುವವರೆಗೆ, ನಾಲ್ಕು ತಿಂಗಳು, ಬೆಳಗಿನ ಹಣ್ಣಿನ ರಸಕ್ಕೆ ಎರಡು ಚಮಚ ಗುಟ್ಟಾಗಿ ಬೆರೆಸಿ ಕೊಟ್ಟೆ. ಅವರು ಗುಣವಾದರು, ಸರಿ. ಆದರೆ ಗುಣವಾಗದೇ ಹೋಗಿದ್ದರೆ? ಈ ಎಂಟು ವರ್ಷದಲ್ಲಿ ಆ ಪ್ರಶ್ನೆ ನನ್ನನ್ನು ಎಷ್ಟು ಸಲ ಚುಚ್ಚಿದೆಯೋ ಲೆಕ್ಕವಿಲ್ಲ. ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಎರಡನೆಯದು ಐದು ವಾರದ ಹಿಂದಿನದು. ಫ್ರೀಜರಿನಿಂದ ತೆಗೆದ ಹೊಸ ಕೋಶಗಳು ಮೊದಮೊದಲು ಏಳಲೇ ಇಲ್ಲ. ಬಡಕಲು ಬಡಕಲಾಗಿ, ಅಲ್ಲೊಂದು ಇಲ್ಲೊಂದು ಅಂಟಿಕೊಂಡು, ನೋಡಿದರೆ ಕರುಳು ಚುರ್ರೆನ್ನುತ್ತಿತ್ತು. ಪಕ್ಕದ ಲ್ಯಾಬಿನಲ್ಲಿ ನನ್ನದೇ ಕೆಲಸ ಮಾಡುವ ಗೆಳತಿಗೆ ಹೇಳಿಕೊಂಡೆ. "ಇದನ್ನ ಹಾಕು, ಒಂದು ವಾರದಲ್ಲಿ ಎದ್ದು ಕೂರುತ್ವೆ" ಎಂದು ಒಂದು ಚಿಕ್ಕ ಬಾಟಲಿ ಕೊಟ್ಟಳು. ನೂರು ಮಿಲಿಲೀಟರ್ ಮೀಡಿಯಾಕ್ಕೆ ಒಂದು ಮಿಲಿಲೀಟರ್. ಹಾಕಿದೆ. ಒಂದು ವಾರದಲ್ಲಿ ಎದ್ದು ಕೂತವು. ಎದ್ದ ಮೇಲೆ ನಿಲ್ಲಿಸಬಹುದಿತ್ತು, ಆದರೆ ಚೆನ್ನಾಗಿ ಉಣ್ಣುವವರ ತಟ್ಟೆಯಿಂದ ಯಾರು ತೆಗೆಯುತ್ತಾರೆ? ಅಂದಿನಿಂದ ಪ್ರತಿ ಬಾಟಲಿಗೂ ಹಾಕುತ್ತಲೇ ಬಂದೆ. ಯಾರಿಗೂ ಹೇಳಲಿಲ್ಲ. ಮೀಡಿಯಾಕ್ಕೆ ಹೊಸದೇನು ಹಾಕಿದರೂ ಗೋಡೆಗೆ ತೂಗು ಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂಬ ನಿಯಮವಿದೆ. ಆ ನಿಯಮ ಮಾಡಿಸಿದವಳೇ ನಾನು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದೆ. ತಪ್ಪು ಒಪ್ಪಿಕೊಳ್ಳಲು ಹೋದೆ ಎಂದು ಹೇಳಿದರೆ ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಬರುತ್ತಿತ್ತು. ನಾನು ಹೋದದ್ದು ಮುಚ್ಚಿಹಾಕಲು. ಇದ್ದಬದ್ದ ಮೀಡಿಯಾವನ್ನೆಲ್ಲ ಸಿಂಕಿಗೆ ಚೆಲ್ಲಿ, ಏನೂ ಬೆರೆಸದ ಹೊಸ ಮೀಡಿಯಾ ಮಾಡಿ, ಫ್ಲಾಸ್ಕುಗಳಿಗೆಲ್ಲ ಬದಲಾಯಿಸಿದೆ. ಆ ಚಿಕ್ಕ ಬಾಟಲಿಯನ್ನು ನನ್ನ ಕೈಚೀಲದಲ್ಲಿ ಹಾಕಿಕೊಂಡೆ. ಇಪ್ಪತ್ತಾರು ವರ್ಷದ ಹೆಸರನ್ನು ಒಂದು ಮಿಲಿಲೀಟರಿಗೆ ಕಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಮಿಣುಕು ಬಂದಾಗ, "ಕೊನೇ ಸಲ ಇನ್ನೊಂದು ಪ್ಲೇಟು ಮಾಡಿ ನೋಡೇ, ನನ್ನ ಮಾತು ಕೇಳು" ಎಂದು ಹುರಿದುಂಬಿಸಿದೆ.

ಎರಡು ದಿನಕ್ಕೆ ಫಲಿತಾಂಶ ಬಂತು. ಪುಡಿ ಹಾಕಿದ ಗುಳಿಗಳೆಲ್ಲ ಬಿಳಿ. ಕೋಶಗಳು ಒಂದೂ ಬಿಡದಂತೆ ಗಂಟುಮೂಟೆ ಕಟ್ಟಿ ಹೊರಟುಹೋಗಿದ್ದವು. ಮಿಣುಕು ನನ್ನ ಕೊರಳಿಗೆ ಜೋತುಬಿದ್ದು ಕೋಣೆಯ ಉದ್ದಕ್ಕೂ ಕುಣಿದಳು. ನಾನೂ ಕುಣಿದೆ. ಮಂಡಿನೋವು ಮರೆತು ಕುಣಿದೆ. ಸೆಮಿನಾರಿಗೆ ಇನ್ನೂ ಆರು ದಿನವಿತ್ತು, ಎಲ್ಲ ಸರಿಹೋಯಿತು ಅಂದುಕೊಂಡೆ.

ಅವಳು ಟೀ ಕುಡಿಯಲು ಕೆಳಗೆ ಹೋದಾಗ ಮೇಜಿನ ಮೇಲೆ ಅವಳ ನೋಟ್‌ಬುಕ್ ತೆರೆದೇ ಇತ್ತು. ಕೆಟ್ಟುಹೋದ ಮೂರು ಪ್ಲೇಟುಗಳ ಪುಟಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಳು: 'ಈ ಮೂರನ್ನೂ ಕೈಬಿಟ್ಟಿದೆ. ಕಾರಣ, ಕೆಲಸ ಮಾಡಿದವಳ ಅಜಾಗರೂಕತೆ.' ಅದರ ಕೆಳಗೆ ಅವಳದೇ ಸಹಿ, ತಾರೀಖು.

ಸಹಿ ಸ್ವಲ್ಪವೂ ಡೊಂಕಿಲ್ಲದೆ ದುಂಡಗಿತ್ತು. ಮಾಡದ ತಪ್ಪಿಗೆ ಅಷ್ಟು ಚೆನ್ನಾಗಿ ಸಹಿ ಹಾಕುವುದೇ! ನನಗೆ ಮೊದಲು ಅವಳ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ ಎಂಥ ನಾಚಿಕೆ ಬಂತೆಂದರೆ ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಅವಳು ಟೀ ಲೋಟ ಹಿಡಿದು ಒಳಗೆ ಬರುತ್ತಿದ್ದಂತೆ, ಅವಳು ಕೂರುವ ಮೊದಲೇ, ಎಲ್ಲಿ ಧೈರ್ಯ ಕೈಕೊಡುತ್ತದೋ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅದು ನಿನ್ನ ತಪ್ಪಲ್ಲ. ನಂದು. ಮೀಡಿಯಾಕ್ಕೆ ನಾನು ಒಂದು ಹಾಕಿದ್ದೆ. ಐದು ವಾರದಿಂದ ಹಾಕ್ತಿದ್ದೆ. ಮೊನ್ನೆ ತೆಗೆದೆ. ಅದಕ್ಕೇ ಈಗ ಸತ್ತಿವೆ."

ಮಿಣುಕು ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಗೊತ್ತಿದ್ದೂ ಕುಣಿದ್ರಾ ಚಿಕ್ಕಮ್ಮ?"

"ಕುಣಿದೆ."

"ಹತ್ತು ದಿನ ಆಯ್ತು. ನನ್ನ ಕೈ ನೋಡಿದ್ರೆ ನನಗೇ ಹೇಸಿಗೆ ಆಗ್ತಿತ್ತು. ಈ ಕೆಲಸಕ್ಕೇ ನಾನು ಲಾಯಕ್ಕಿಲ್ಲ ಅಂತ ಅಮ್ಮಂಗೆ ಫೋನ್ ಮಾಡಿ ಅತ್ತುಬಿಟ್ಟೆ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನೀವು ಎದುರಿಗೇ ಇದ್ರಿ."

ಬೈದಿದ್ದರೆ ಎಷ್ಟೋ ಮೇಲಿತ್ತು. ನಾನು ಕೈಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ತಪ್ಪಾಯಿತು ಎಂದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ಅಷ್ಟು ನೆಟ್ಟಗೆ ಹೇಳಿದ್ದು ಅದೇ ಮೊದಲು. ಅವಳು ಮೂಗು ಒರೆಸಿಕೊಂಡು, ಸಿಟ್ಟಿನಲ್ಲೇ ಬಾಟಲಿಯನ್ನು ಎತ್ತಿ ಚೀಟಿ ಓದಿದಳು.

"ಪೈರುವೇಟ್."

"ಏನೋ ಒಂದು. ಶಕ್ತಿ ಕೊಡುತ್ತಂತೆ."

"ಶಕ್ತಿನೂ ಕೊಡುತ್ತೆ. ಅದರ ಜೊತೆಗೆ..." ಎಂದವಳು ಮಾತು ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿತು. ಫ್ರಿಜ್ಜಿನ ಹತ್ತಿರ ಹೋಗಿ, ಒಳ್ಳೆಯ ಕೋಶಗಳಿಗೆ ಹಾಕುವ ಮೀಡಿಯಾದ ಬಾಟಲಿ ತೆಗೆದಳು. ಅದು ಕಂಪನಿಯಿಂದಲೇ ಬೇರೆ ಬಗೆಯದಾಗಿ ಬರುತ್ತದೆ, ಒಳ್ಳೆಯ ಕೋಶಗಳಿಗೆ ಅದೇ ಆಗಬೇಕು. ಚೀಟಿಯ ಮೇಲಿನ ಸಣ್ಣ ಅಕ್ಷರಗಳ ಮೇಲೆ ಬೆರಳು ಎಳೆಯುತ್ತ ಹೋಗಿ ಒಂದು ಕಡೆ ನಿಂತಳು. ಆಮೇಲೆ ಬಾಟಲಿ ಹಿಡಿದುಕೊಂಡೇ ನೆಲದ ಮೇಲೆ ಕೂತಳು.

"ಇದರಲ್ಲೂ ಪೈರುವೇಟ್ ಇದೆ ಚಿಕ್ಕಮ್ಮ. ಮೊದಲಿಂದಲೂ ಇತ್ತು."

"ಇದ್ರೇನೀಗ?"

"ಒಳ್ಳೆ ಕೋಶ ಸಾಯದೇ ಇದ್ದಿದ್ದು ಒಳ್ಳೇದಾಗಿರೋದಕ್ಕಲ್ಲ. ಅದರ ಊಟದಲ್ಲಿ ಇದು ಇತ್ತು ಅಂತ."

ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ. ಮಂಡಿ ಲಟಕ್ಕೆಂದಿತು. ಅವಳು ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ ಬಿಡಿಸಿದಳು. ಗಾಯಕ್ಕೆ ಹಚ್ಚಿದರೆ ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಇದೆಯಲ್ಲ, ಕೋಶದ ಹೊಗೆಯಲ್ಲಿ ಅದೂ ಒಂದು. ಪೈರುವೇಟ್ ಅದನ್ನು ಕಂಡಲ್ಲಿ ತಿಂದುಹಾಕುತ್ತದೆ. ಹಾಗಾದರೆ ಪುಡಿ ಕೋಶದ ಒಳಗೆ ಹೋಗಿ ಹೊಗೆ ಎಬ್ಬಿಸುತ್ತಿತ್ತೋ, ಇಲ್ಲ ಹೊರಗೆ, ಬರೀ ಮೀಡಿಯಾದಲ್ಲೇ ಎಬ್ಬಿಸುತ್ತಿತ್ತೋ?

"ನೋಡಿಬಿಡೋಣ ಏಳಿ" ಎಂದಳು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳ ಕಣ್ಣು ಈಗ ಬೇರೆ ತರಹ ಹೊಳೆಯುತ್ತಿತ್ತು.

ಎರಡು ಖಾಲಿ ಬಟ್ಟಲು ತಂದೆವು. ಎರಡಕ್ಕೂ ಬರೀ ಮೀಡಿಯಾ, ಬರೀ ಪುಡಿ. ಕೋಶ ಒಂದೂ ಇಲ್ಲ. ಒಂದಕ್ಕೆ ಮಾತ್ರ ನನ್ನ ಬಾಟಲಿಯ ಹನಿ ಹಾಕಿದಳು. ಒಂದು ಗಂಟೆ ಬಿಟ್ಟು ಎರಡರಲ್ಲೂ ಪೆರಾಕ್ಸೈಡ್ ಇದ್ದರೆ ನೀಲಿಯಾಗುವ ಕಾಗದದ ಪಟ್ಟಿ ಅದ್ದಿದಳು. ಹನಿ ಹಾಕದ ಬಟ್ಟಲಿನ ಪಟ್ಟಿ ಕಡು ನೀಲಿ. ಹನಿ ಹಾಕಿದ ಬಟ್ಟಲಿನದು ಹಾಲಿನಷ್ಟು ಬಿಳಿ. ಸಾಯಿಸಬೇಕಾದ ಕೋಶವೇ ಇಲ್ಲದ ಬಟ್ಟಲಿನಲ್ಲೂ ಆ ಪುಡಿ ವಿಷ ತಯಾರಿಸುತ್ತಿತ್ತು. ಮನೆಯ ಒಲೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಬೀದಿಯಲ್ಲಿ ಬೆಂಕಿ ಹಾಕಿ ಊರೆಲ್ಲ ಹೊಗೆ ಮಾಡುತ್ತಿತ್ತು ಅಷ್ಟೆ.

ಮೂರು ವರ್ಷದ ಕೆಲಸ ಎರಡು ಕಾಗದದ ಪಟ್ಟಿಯಲ್ಲಿ ಮುಗಿಯಿತು. ಮಿಣುಕು ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು, ನನ್ನನ್ನು ನೋಡಿದಳು, ಇದ್ದಕ್ಕಿದ್ದಂತೆ ನಗತೊಡಗಿದಳು. ಹುಡುಗಿಗೆ ತಲೆ ಕೆಟ್ಟಿತೆಂದು ನನಗೆ ಗಾಬರಿ. ಆದರೆ ಅದು ಕೆಟ್ಟ ತಲೆಯ ನಗುವಾಗಿರಲಿಲ್ಲ. ಎಷ್ಟೋ ದಿನದಿಂದ ಕಳೆದ ಬೀಗದ ಕೈ ಸೊಂಟದಲ್ಲೇ ಸಿಕ್ಕಿದವರು ಹಾಗೆ ನಗುತ್ತಾರೆ.

ದೊಡ್ಡವರಿಗೆ ಹೇಳಲು ಇಬ್ಬರೂ ಹೋದೆವು. ಅವರು ಪಟ್ಟಿಗಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ನೋಡಿದರು, ಮತ್ತೆ ತೆಗೆದು ಒರೆಸಿದರು. ಪಟ್ಟಿ ಬಣ್ಣ ಬದಲಾಯಿಸಲಿಲ್ಲ.

"ಚಿಕ್ಕಮ್ಮ, ನೀವು ಬರೀಲಿಲ್ಲವಾ?" ಎಂದರು. ನೀವು ಕದ್ದಿರಾ ಎಂದು ಕೇಳಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

"ಇಲ್ಲ ಸಾರ್. ಬರೀಲಿಲ್ಲ."

ಅವರು ಪಟ್ಟಿಗಳನ್ನು ಮೇಜಿನ ಮೇಲಿಟ್ಟು, "ಸೆಮಿನಾರ್ ಮುಂದಕ್ಕೆ ಹಾಕೋಣವೇನಮ್ಮ?" ಎಂದು ಮಿಣುಕನ್ನು ಕೇಳಿದರು.

"ಬೇಡ ಸಾರ್. ಇದನ್ನೇ ಹೇಳ್ತೀನಿ."

"ಪುಡಿ ಕೆಲಸ ಮಾಡಲ್ಲ ಅಂತಾನಾ?"

"ಹೇಗೆ ಮೋಸ ಮಾಡುತ್ತೆ ಅಂತ."

ಉಳಿದ ದಿನಗಳಲ್ಲಿ ನಾವಿಬ್ಬರೂ ಕತ್ತೆ ದುಡಿದ ಹಾಗೆ ದುಡಿದೆವು. ಒಳ್ಳೆಯ ಕೋಶಗಳನ್ನು ಪೈರುವೇಟ್ ಇಲ್ಲದ ಮೀಡಿಯಾಕ್ಕೆ ರೂಢಿ ಮಾಡಿಸಿ, ಪುಡಿ ಹಾಕಿದಳು. ಅವೂ ಸತ್ತವು, ಕೆಟ್ಟವುಗಳ ಹಾಗೇ ಅಚ್ಚುಕಟ್ಟಾಗಿ ಗಂಟು ಕಟ್ಟಿಕೊಂಡು. ಒಳ್ಳೆಯವನ್ನು ಕಾಪಾಡುವ ಪುಡಿಯ ಕಥೆ ಅಲ್ಲಿಗೆ ತೀರಿತು. ಪ್ರತಿ ಬಾಟಲಿಗೆ ನಾನು ಏನು ಹಾಕಿದೆ, ಎಷ್ಟು ಹಾಕಿದೆ, ಎಷ್ಟು ಗಂಟೆಗೆ ಹಾಕಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಹಳೆಯದನ್ನೂ ಬರೆದೆ. ಐದು ವಾರದ ಹಿಂದಿನ ತಾರೀಖಿನ ಪಕ್ಕದಲ್ಲಿ, ತಡವಾಗಿ ಬರೆಯುತ್ತಿದ್ದೇನೆ ಎಂದು ಸೇರಿಸಿ, ಏನು ಹಾಕಿದೆನೆಂದು ಬರೆದು, 'ಕಾರಣ' ಎಂಬ ಮನೆಯಲ್ಲಿ ಏನು ಬರೆಯುವುದೆಂದು ತಿಳಿಯದೆ ಇದ್ದದ್ದನ್ನೇ ಬರೆದೆ. 'ಸೊರಗಿದ್ದವು, ಅದಕ್ಕೇ ಹಾಕಿದೆ.' ಕೆಳಗೆ ನನ್ನ ಸಹಿ. ಮಿಣುಕಿನ ಸಹಿಯಷ್ಟು ದುಂಡಗೆ ಬರಲಿಲ್ಲ.

ಸೆಮಿನಾರಿನ ದಿನ ನಾನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತೆ. ಅಗತ್ಯ ಬಿದ್ದರೆ ಓಡಿಹೋಗಲು ಅನುಕೂಲ. ಪರೀಕ್ಷಕರು ದಪ್ಪ ಹುಬ್ಬಿನ ಮನುಷ್ಯ, ವಿದ್ಯಾರ್ಥಿಗಳನ್ನು ಅಳಿಸುವುದರಲ್ಲಿ ಹೆಸರುವಾಸಿ. ಮಿಣುಕು ಮೊದಲು ಹಳೆಯ ಕಥೆ ಹೇಳಿದಳು: ಪುಡಿ, ಹೊಗೆ, ಸಾಯುವ ಕೆಟ್ಟ ಕೋಶ, ಬದುಕುವ ಒಳ್ಳೆಯ ಕೋಶ. ಪರೀಕ್ಷಕರು ತಲೆದೂಗಿದರು. "ಇದಿಷ್ಟೂ ತಪ್ಪು" ಎಂದಳು ಮಿಣುಕು. ತಲೆ ನಿಂತಿತು. ಆಮೇಲೆ ನೇರಳೆ ಪ್ಲೇಟು, ಬಿಳಿ ಪ್ಲೇಟು, ನೀಲಿ ಪಟ್ಟಿ, ಬಿಳಿ ಪಟ್ಟಿ ಒಂದೊಂದಾಗಿ ಪರದೆಯ ಮೇಲೆ ಬಂದವು. ಕೊನೆಗೆ ನೋಟ್‌ಬುಕ್ಕಿನ ಒಂದು ಪುಟದ ಚಿತ್ರ. ನನ್ನ ಕೋಳಿ ಕಾಲಿನ ಅಕ್ಷರ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು.

"ಇದನ್ನ ಬರೆದವರು ಯಾರು?" ಎಂದರು ಪರೀಕ್ಷಕರು.

ಎಲ್ಲರೂ ತಿರುಗಿ ನೋಡಿದರು. ಓಡಲು ಕಾಲು ಬರಲಿಲ್ಲ, ಎದ್ದು ನಿಂತೆ.

"ಕೋಶ ಬೆಳೆಸೋದು ಕೊಲ್ಲೋದಕ್ಕೆ ಅಂತ ನಿಮಗೆ ಗೊತ್ತಿತ್ತಲ್ಲ? ಮತ್ತೆ ಸೊರಗಿದರೆ ನಿಮಗೇನು?"

"ಕೊಲ್ಲೋವರೆಗೂ ನನ್ನ ಮಕ್ಕಳೇ ಅಲ್ವಾ ಸಾರ್" ಎಂದೆ.

ಕೋಣೆಯೆಲ್ಲ ನಕ್ಕಿತು. ಪರೀಕ್ಷಕರು ನಗಲಿಲ್ಲ. ಪೆನ್ನನ್ನು ಮೇಜಿಗೆ ಕುಟ್ಟುತ್ತ ಏನೋ ಯೋಚಿಸಿ, "ನಮ್ಮ ಲ್ಯಾಬಲ್ಲಿ ಐದು ವರ್ಷದಿಂದ ಇಂಥದೇ ಒಂದು ಪುಡಿ ಇದೆ" ಎಂದರು. "ಕೆಟ್ಟ ಕೋಶ ಸಾಯುತ್ತೆ, ಒಳ್ಳೇದು ಉಳಿಯುತ್ತೆ. ಒಳ್ಳೆ ಕೋಶಕ್ಕೆ ಯಾವ ಮೀಡಿಯಾ ಹಾಕ್ತಾರೆ ಅಂತ ನಾನು ಯಾವತ್ತೂ ಕೇಳಿಲ್ಲ. ಎರಡು ನಿಮಿಷ ಕೊಡ್ತೀರಾ?" ಹಾಗೆಂದವರೇ ಫೋನ್ ಹಿಡಿದು ಹೊರಗೆ ಹೋದರು. ಕಾರಿಡಾರಿನಿಂದ ಅವರ ದನಿ ಕೇಳುತ್ತಿತ್ತು: "ಚೀಟಿ ಓದು. ಸಣ್ಣಕ್ಷರ ಓದು ಮಾರಾಯ. ಪ ಅಕ್ಷರದಿಂದ ಶುರುವಾಗೋದು ಏನಾದ್ರೂ ಇದೆಯಾ?" ಆಮೇಲೆ ಒಂದು ದೊಡ್ಡ ನಿಟ್ಟುಸಿರು.

ಒಳಗೆ ಬಂದು ಕೂತು, ಮಿಣುಕಿಗೆ ಒಂದೇ ಒಂದು ಪ್ರಶ್ನೆ ಕೇಳಿದರು: ಆ ನೀಲಿ ಪಟ್ಟಿ ಎಲ್ಲಿ ಸಿಗುತ್ತದೆ ಎಂದು. ಡಾಕ್ಟರೇಟಿಗೆ ಅಲ್ಲೇ ಸಹಿ ಹಾಕಿದರು. ದೊಡ್ಡವರು ಹೊರಗೆ ಬಂದು ನನ್ನ ಕೈ ಕುಲುಕಿ, "ಇನ್ಮೇಲೆ ಬರೀರಿ ಚಿಕ್ಕಮ್ಮ" ಎಂದರು. ಮಿಣುಕು ನನ್ನ ತೋಳಿಗೆ ತೋಳು ಸಿಕ್ಕಿಸಿಕೊಂಡು ಮೂರು ಮಹಡಿ ಹತ್ತಿಸಿದಳು. ಲಿಫ್ಟ್ ಇದ್ದರೂ.

ಸಂಜೆ ಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಅವರು ಕುರ್ಚಿ ಅಲುಗಾಡುವಷ್ಟು ನಕ್ಕರು. ಆ ನಗು ನೋಡಿ ನನಗೂ ಒಂದು ಹುಚ್ಚು ಧೈರ್ಯ ಬಂತು. ಒಂದು ವಾರದಲ್ಲಿ ಒಂದು ತಪ್ಪು ಒಪ್ಪಿಕೊಂಡ ಬಾಯಿಗೆ ಇನ್ನೊಂದು ಭಾರವೆನಿಸಲಿಲ್ಲ.

"ಅತ್ತೆ, ನಿಮಗೂ ಒಂದು ಹೇಳಬೇಕು. ಆವಾಗ ಡಾಕ್ಟರು ಬೇಡ ಅಂದ ಟಾನಿಕ್ಕು..."

"ರಸದಲ್ಲಿ ಬೆರೆಸ್ತಿದ್ದೆ" ಎಂದರು ಅತ್ತೆ. "ದಿನಾ ಎರಡು ಚಮಚ."

"ನಿಮಗೆ ಗೊತ್ತಿತ್ತಾ?" ಎಂದೆ.

"ನಾಲಿಗೆ ಕೆಟ್ಟಿತ್ತು ಅಂದ್ರೆ ಕಣ್ಣೂ ಕೆಟ್ಟಿತ್ತಾ? ಹಣ್ಣಿನ ರಸ ಕಬ್ಬಿಣದ ಬಣ್ಣಕ್ಕೆ ತಿರುಗಿದ್ರೆ ಕಾಣಲ್ವೇನೇ? ಒಂದು ದಿನಾನೂ ಕುಡಿದಿಲ್ಲ. ನೀನು ಆ ಕಡೆ ತಿರುಗಿದ ತಕ್ಷಣ ಇದರ ಬುಡಕ್ಕೆ ಹಾಕ್ತಿದ್ದೆ." ಗಡಿಯಾರ ಹಿಡಿದು ನಿಂತ ಬಳ್ಳಿಯ ಕಡೆ ಗದ್ದ ತೋರಿಸಿದರು. "ನೋಡು ಹೆಂಗೆ ಕೊಬ್ಬಿದೆ."

ಎಂಟು ವರ್ಷದ ಭಾರ ಇಳಿಯಿತೆಂದು ಖುಷಿಯೋ, ಎಂಟು ವರ್ಷ ಸುಮ್ಮನೆ ಹೊರಿಸಿದರೆಂದು ಸಿಟ್ಟೋ, ನನಗೇ ತಿಳಿಯಲಿಲ್ಲ. ಸಿಟ್ಟೇ ಮೊದಲು ಬಾಯಿಗೆ ಬಂತು.

"ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ? ನಾಲ್ಕು ತಿಂಗಳು ನನ್ನ ಕೈಯಲ್ಲಿ ಮಾಡಿಸಿಕೊಂಡು ಗಿಡಕ್ಕೆ ಹಾಕಿದ್ರಾ? ಆ ಇರುವೆ ಹೊಡೆದು ಹೊಡೆದು ನನ್ನ ಸೊಂಟ ಬಿದ್ದುಹೋಯ್ತು!"

ಅತ್ತೆ ಒಂದು ಒಣ ಎಲೆಯನ್ನು ಕಿತ್ತು ಮಡಿಲಲ್ಲಿ ಇಟ್ಟುಕೊಂಡರು.

"ಹೇಳೋಣ ಅಂತಲೇ ಇದ್ದೆ. ಆದ್ರೆ ಆ ಖಾಲಿ ಲೋಟ ನೋಡಿದಾಗ ನಿನ್ನ ಮುಖದಲ್ಲಿ ಒಂಚೂರು ಜೀವ ಬರ್ತಿತ್ತು. ಆಸ್ಪತ್ರೆ, ಮನೆ, ಕೆಲಸ ಅಂತ ಓಡಾಡಿ ಓಡಾಡಿ ನನಗಿಂತ ನೀನೇ ಸೊರಗಿದ್ದೆ ಕಣೇ. ಅದಕ್ಕೇ ಸುಮ್ಮನಿದ್ದೆ."

ನಾನು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ನಗುತ್ತಲೂ ಇದ್ದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, ಇನ್ನು ಎದ್ದು ಊಟಕ್ಕೆ ಏನಾದರೂ ಮಾಡುತ್ತೀಯೋ, ಇಲ್ಲ ಅದಕ್ಕೂ ನೋಟ್‌ಬುಕ್ಕಿನಲ್ಲಿ ಬರೆಯಬೇಕೋ ಎಂದು ಕೇಳಿದರು.